ಲೆನ್ ಎಂದು ಕೇಳಿದಾಗ ಪೈಥಾನ್ ಮೊದಲು ಯಾರ ಬಾಗಿಲು ತಟ್ಟುತ್ತದೆ?

ಕೆಲವು ವರ್ಷಗಳ ಹಿಂದೆ ಒಂದು ಹಳೆಯ ಬಿಲ್ಲಿಂಗ್ ಪ್ರೋಗ್ರಾಮನ್ನು ಪೈಥಾನ್ ಭಾಷೆಯ 2ನೇ ಆವೃತ್ತಿಯಿಂದ 3ಕ್ಕೆ ತರುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಪ್ರಿಂಟ್‌ಗೆಲ್ಲ ಆವರಣ ಹಾಕಿದ್ದಾಯಿತು, ಯೂನಿಕೋಡ್ ಗೋಜಲು ಬಿಡಿಸಿದ್ದಾಯಿತು, ಟೆಸ್ಟುಗಳೂ ಹಸಿರಾದವು. ಹೊಸ ಕೋಡು ಚಾಲೂ ಆದ ಮೊದಲ ವಾರದಲ್ಲೇ ಒಂದು ಪೈಸೆ ಬಾಕಿ ಇಲ್ಲದ ಗ್ರಾಹಕರಿಗೂ ಬಾಕಿ ಕಟ್ಟಿ ಎಂಬ ಪತ್ರ ಹೋಯಿತು. ಪತ್ರ ತೆರೆದರೆ ಬಾಕಿಯ ಸಾಲುಗಳಿರಬೇಕಾದ ಜಾಗ ಖಾಲಿ. ಕೋಡಿನಲ್ಲಿದ್ದದ್ದು ಬರೀ ಇಷ್ಟು: ‘ಇಫ್ ಬಾಕಿ’, ಅಂದರೆ ಬಾಕಿ ಇದ್ದರೆ ಪತ್ರ ಕಳಿಸು. ಬಾಕಿಯ ಪಟ್ಟಿ ಖಾಲಿ, ಮತ್ತು ಖಾಲಿ ಪಟ್ಟಿ ಪೈಥಾನಿನಲ್ಲಿ ಯಾವತ್ತಿಗೂ ಸುಳ್ಳು. ಆದರೂ ಆ ಸಾಲು ‘ನಿಜ’ ಎಂದಿತ್ತು. ಲಾಗ್ ಫೈಲಿನಲ್ಲಿ ಒಂದೇ ಒಂದು ಎರರ್ ಇರಲಿಲ್ಲ.

ಎರಡು ದಿನ ತಡಕಾಡಿದ ಮೇಲೆ ಸಿಕ್ಕ ಕಾರಣ ಪೈಥಾನಿನ ಒಂದು ಹಳೆಯ ನಿಯಮ ಬದಲಾದದ್ದರಲ್ಲಿತ್ತು. ಸ್ಪೆಷಲ್ ಮೆಥಡ್‌ಗಳನ್ನು ಎಲ್ಲಿಂದ ಹುಡುಕಿ ತರಬೇಕು ಎಂಬ ನಿಯಮ ಅದು. ಹಳೆಯ ಕೋಡನ್ನು ಇನ್ನೂ ಹೊತ್ತು ತಿರುಗುವವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಅವರಿಗೆ ಈ ಎರಡು ದಿನ ಉಳಿಯಲಿ ಎಂದು ವಿವರವಾಗಿ ಬರೆಯುತ್ತಿದ್ದೇನೆ. ಕೋಡಿನ ಸಾಲುಗಳನ್ನೂ ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇನೆ. ನೀವು ಓಡಿಸಿ ನೋಡುವಾಗ ಕೀಲಿಪದಗಳನ್ನೂ ಪೈಥಾನಿನದೇ ಆದ ಹೆಸರುಗಳನ್ನೂ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಳ್ಳಬೇಕು. ಪೈಥಾನ್ 3ರಲ್ಲಾದರೆ ನಾವು ಇಡುವ ಹೆಸರುಗಳನ್ನು ಕನ್ನಡದಲ್ಲೇ ಬಿಡಬಹುದು, ‘ಚೀಲ’ ಎಂಬ ಕ್ಲಾಸು (ಆಬ್ಜೆಕ್ಟುಗಳನ್ನು ತಯಾರಿಸುವ ಅಚ್ಚು) ಅಲ್ಲಿ ನಿಜವಾಗಿಯೂ ಓಡುತ್ತದೆ. ಪೈಥಾನ್ 2 ಅದಕ್ಕೆ ಒಪ್ಪುವುದಿಲ್ಲ.

ಮೊದಲು ಸ್ಪೆಷಲ್ ಮೆಥಡ್ ಎಂದರೇನು ಎಂಬುದು. ಮೆಥಡ್ ಎಂದರೆ ಆಬ್ಜೆಕ್ಟಿನ ಕೆಲಸ ಮಾಡುವ ಫಂಕ್ಷನ್ನು. ಹೆಸರಿನ ಎರಡೂ ತುದಿಗೆ ಎರಡೆರಡು ಅಂಡರ್‌ಸ್ಕೋರ್ ಇರುವ ಮೆಥಡ್‌ಗಳು ಇವು. ಬಾಯಿಮಾತಿನಲ್ಲಿ ‘ಡಂಡರ್’ ಅನ್ನುತ್ತೇವೆ. ಒಂದು ಪಟ್ಟಿಯ ಉದ್ದ ಕೇಳಲು ನಾವು ಲೆನ್(ಪಟ್ಟಿ) ಎಂದಾಗ ಪೈಥಾನ್ ಒಳಗೊಳಗೇ __ಲೆನ್__ ಅನ್ನು ಕರೆಯುತ್ತದೆ. ಕೂಡಿಸುವ ಚಿಹ್ನೆ ಹಾಕಿದರೆ __ಆ್ಯಡ್__, ಚೌಕ ಆವರಣ ಹಾಕಿದರೆ __ಗೆಟ್‌ಐಟಂ__. ‘ಇಫ್’ನಲ್ಲಿ ಇಟ್ಟರೆ ಪೈಥಾನ್ 2ರಲ್ಲಿ __ನಾನ್‌ಝೀರೋ__, 3ರಲ್ಲಿ __ಬೂಲ್__; ಅದು ಇಲ್ಲದಿದ್ದರೆ __ಲೆನ್__; ಅದೂ ಇಲ್ಲದಿದ್ದರೆ ‘ನಿಜ’ ಎಂದೇ ಲೆಕ್ಕ. ಈ ಕೊನೆಯ ಮಾತನ್ನು ನೆನಪಿಟ್ಟುಕೊಳ್ಳಿ, ನನ್ನ ಪತ್ರಗಳು ಹೋದದ್ದು ಇದರಿಂದಲೇ.

ಇವುಗಳನ್ನು ನಾವು ಹೆಸರು ಹಿಡಿದು ಕರೆಯುವುದು ಅಪರೂಪ, ಕರೆಯುವುದು ಕೋಡನ್ನು ಓಡಿಸುವ ಇಂಟರ್‌ಪ್ರಿಟರ್. ಹಾಗಾದರೆ ಇಂಟರ್‌ಪ್ರಿಟರ್ ಆ ಮೆಥಡ್ಡನ್ನು ಎಲ್ಲಿ ಹುಡುಕುತ್ತದೆ? ಆ ಒಂದು ಆಬ್ಜೆಕ್ಟಿನ ಬಳಿಯೋ, ಅದರ ಕ್ಲಾಸಿನ ಬಳಿಯೋ?

ಹಳೆ ಶೈಲಿಯ ಕ್ಲಾಸುಗಳಲ್ಲಿ, ಅಂದರೆ ಪೈಥಾನ್ 2ರಲ್ಲಿ ‘ಆಬ್ಜೆಕ್ಟ್’ ಎಂಬ ಮೂಲ ಕ್ಲಾಸಿನಿಂದ ಇಳಿಯದವುಗಳಲ್ಲಿ, ಉತ್ತರ ಸರಳವಾಗಿತ್ತು. ಬೇರೆ ಯಾವುದೇ ಅಟ್ರಿಬ್ಯೂಟನ್ನು (ಆಬ್ಜೆಕ್ಟಿನ ಮುಂದೆ ಚುಕ್ಕಿ ಹಾಕಿ ಕೇಳುವ ಹೆಸರನ್ನು) ಹುಡುಕುವ ಹಾಗೆಯೇ ಇದನ್ನೂ ಹುಡುಕು. ಮೊದಲು ಆಬ್ಜೆಕ್ಟಿನ ಸ್ವಂತ ಡಿಕ್ಷನರಿ ನೋಡು. ಇಲ್ಲವೇ, ಕ್ಲಾಸು ನೋಡು. ಅಲ್ಲೂ ಇಲ್ಲವೇ, ತಾಯಿ ಕ್ಲಾಸುಗಳನ್ನು ಎಡದಿಂದ ಬಲಕ್ಕೆ, ಒಂದೊಂದರ ತಳ ಮುಟ್ಟುತ್ತ ನೋಡು. ಎಲ್ಲೂ ಸಿಗದಿದ್ದರೆ __ಗೆಟ್‌ಆ್ಯಟರ್__ ಇದ್ದರೆ ಅದನ್ನು ಕೇಳು. ಪೈಥಾನ್ 2ರಲ್ಲಿ ಇದನ್ನು ಬರೆದು ನೋಡಿ:

    ಕ್ಲಾಸ್ ಚೀಲ:
        ಪಾಸ್

    ತೆಂಗು = ಚೀಲ()
    ತೆಂಗು.__ಲೆನ್__ = ಲ್ಯಾಂಬ್ಡಾ: 40
    ಲೆನ್(ತೆಂಗು)

ಉತ್ತರ 40. ಚೀಲ ಎಂಬ ಕ್ಲಾಸಿಗೆ ಉದ್ದದ ಗಂಧವೂ ಗೊತ್ತಿಲ್ಲ. ಆದರೆ ತೆಂಗು ಎಂಬ ಈ ಒಂದು ಚೀಲದ ಜೇಬಿನಲ್ಲಿ __ಲೆನ್__ ಇತ್ತು, ಇಂಟರ್‌ಪ್ರಿಟರ್ ಅದನ್ನೇ ತೆಗೆದು ಓಡಿಸಿತು. ಲ್ಯಾಂಬ್ಡಾಗೆ (ಹೆಸರಿಲ್ಲದ ಪುಟ್ಟ ಫಂಕ್ಷನ್ನಿಗೆ) ‘ಸೆಲ್ಫ್’, ಅಂದರೆ ಆ ಆಬ್ಜೆಕ್ಟು ತಾನೇ, ಇಲ್ಲದಿರುವುದನ್ನೂ ಗಮನಿಸಿ. ಆಬ್ಜೆಕ್ಟಿನ ಡಿಕ್ಷನರಿಯಲ್ಲಿ ಸಿಕ್ಕ ಫಂಕ್ಷನ್ನು ಆಬ್ಜೆಕ್ಟಿಗೆ ಅಂಟಿಕೊಳ್ಳುವುದಿಲ್ಲ, ಕ್ಲಾಸಿನಲ್ಲಿ ಸಿಕ್ಕದ್ದು ಮಾತ್ರ ಅಂಟಿಕೊಂಡು ಸೆಲ್ಫ್ ಪಡೆಯುತ್ತದೆ.

ಈಗ ಒಂದೇ ಒಂದು ಪದ ಬದಲಿಸಿ. ಮೊದಲ ಸಾಲನ್ನು ‘ಕ್ಲಾಸ್ ಚೀಲ(ಆಬ್ಜೆಕ್ಟ್):’ ಎಂದು ಬರೆಯಿರಿ. ಇದು ಹೊಸ ಶೈಲಿಯ ಕ್ಲಾಸು. ಲೆನ್(ತೆಂಗು) ಟೈಪ್‌ಎರರ್ ಕೊಡುತ್ತದೆ: ಚೀಲ ಎಂಬ ಟೈಪಿನ ಆಬ್ಜೆಕ್ಟಿಗೆ ಲೆನ್ ಇಲ್ಲ. ಅದೇ ಹೊತ್ತಿಗೆ ತೆಂಗು.__ಲೆನ್__() ಎಂದು ನೇರವಾಗಿ ಕರೆದರೆ 40 ಎಂದು ಮೊದಲಿನ ಹಾಗೇ ಉತ್ತರಿಸುತ್ತದೆ. ಅದೇ ಆಬ್ಜೆಕ್ಟು, ಅದೇ ಮೆಥಡ್ಡು. ಒಂದು ದಾರಿಯಲ್ಲಿ ಹೋದರೆ ಸಿಗುತ್ತದೆ, ಇನ್ನೊಂದರಲ್ಲಿ ಹೋದರೆ ಇಲ್ಲ.

ದರ್ಶಿನಿಗೆ ಹೋದವರಿಗೆ ಇದು ಹೊಸದಲ್ಲ. ಕ್ಯಾಶ್ ಕೌಂಟರಿನಲ್ಲಿ ಟೋಕನ್ ಬರೆಯುವವನು ಗೋಡೆಯ ಬೋರ್ಡಿನಲ್ಲಿ ಇದ್ದದ್ದಕ್ಕೆ ಮಾತ್ರ ಟೋಕನ್ ಕೊಡುತ್ತಾನೆ. ಒಳಗೆ ಭಟ್ಟರು ಅವತ್ತು ಬೋರ್ಡಿನಲ್ಲಿಲ್ಲದ ಒತ್ತು ಶಾವಿಗೆ ಮಾಡಿರಬಹುದು. ನೀವು ಅಡುಗೆಮನೆಯ ಬಾಗಿಲಿಗೇ ಹೋಗಿ ಹೆಸರು ಹಿಡಿದು ಕೇಳಿದರೆ ಒಂದು ಪ್ಲೇಟು ಕೈಗೆ ಬರಲೂಬಹುದು. ಆದರೆ ಟೋಕನ್ ದಾರಿಯಲ್ಲಿ ಅದು ಇಲ್ಲವೇ ಇಲ್ಲ. ಲೆನ್(ತೆಂಗು) ಟೋಕನ್ ದಾರಿ. ತೆಂಗು.__ಲೆನ್__() ಅಡುಗೆಮನೆಯ ಬಾಗಿಲು. ಹಳೆ ಶೈಲಿಯ ಕ್ಲಾಸುಗಳಲ್ಲಿ ಕ್ಯಾಶಿಯರನೇ ಪ್ರತಿ ಸಲ ಅಡುಗೆಮನೆಗೆ ಓಡಿ ವಿಚಾರಿಸಿ ಬರುತ್ತಿದ್ದ.

ಅವನು ಯಾಕೆ ಓಡುತ್ತಿದ್ದ ಎಂಬುದು ಪೈಥಾನಿನ ಚರಿತ್ರೆಗೆ ಸೇರಿದ್ದು. ಗೀಡೋ ವಾನ್ ರೋಸಮ್ ಆಮ್‌ಸ್ಟರ್‌ಡ್ಯಾಮಿನ ಸಿಡಬ್ಲ್ಯೂಐ ಎಂಬ ಗಣಿತ-ಕಂಪ್ಯೂಟರ್ ಸಂಶೋಧನಾ ಸಂಸ್ಥೆಯಲ್ಲಿ 1989ರ ಡಿಸೆಂಬರಿನಲ್ಲಿ ಪೈಥಾನ್ ಬರೆಯಲು ಕೂತಾಗ, ನಾವೇ ಕ್ಲಾಸು ಬರೆಯುವ ಸೌಲಭ್ಯ ಮೊದಲ ಯೋಜನೆಯಲ್ಲಿ ಇರಲಿಲ್ಲ. ಅದನ್ನು ಆಮೇಲೆ, ಇದ್ದ ಕಟ್ಟಡಕ್ಕೆ ಆದಷ್ಟು ಕಡಿಮೆ ಕೈಹಚ್ಚಿ ಸೇರಿಸಲಾಯಿತು. ಹಾಗಾಗಿ ಎರಡು ಲೋಕಗಳು ಉಳಿದವು. ಪೂರ್ಣಾಂಕ, ಪಟ್ಟಿ, ಡಿಕ್ಷನರಿ ಇವೆಲ್ಲ ಸಿ ಭಾಷೆಯಲ್ಲಿ ಬರೆದ ‘ಟೈಪು’ಗಳು. ನಾವು ಬರೆದದ್ದು ‘ಕ್ಲಾಸು’. ನಮ್ಮ ಕ್ಲಾಸು ಯಾವುದೇ ಇರಲಿ, ಅದರ ಆಬ್ಜೆಕ್ಟುಗಳೆಲ್ಲ ಇಂಟರ್‌ಪ್ರಿಟರಿನ ಕಣ್ಣಿಗೆ ಒಂದೇ ಟೈಪು, ಹೆಸರು ‘ಇನ್‌ಸ್ಟೆನ್ಸ್’. ಪೈಥಾನ್ 2ರಲ್ಲಿ ಟೈಪ್(ತೆಂಗು) ಎಂದು ಕೇಳಿದರೆ ಚೀಲ ಎಂದು ಬರುವುದಿಲ್ಲ, ಇನ್‌ಸ್ಟೆನ್ಸ್ ಎಂದೇ ಬರುತ್ತದೆ. ಚೀಲ, ಗ್ರಾಹಕ, ಬಿಲ್ಲು, ಎಲ್ಲದಕ್ಕೂ ಅದೇ ಉತ್ತರ.

ಸಿ ಭಾಷೆಯಲ್ಲಿ ಬರೆದ ಟೈಪುಗಳಿಗೆ ಒಂದು ಕೋಷ್ಟಕವಿದೆ. ಉದ್ದ ಕೇಳಿದರೆ ಈ ಫಂಕ್ಷನ್, ಕೂಡಿಸಿದರೆ ಆ ಫಂಕ್ಷನ್, ಹ್ಯಾಶ್ (ಡಿಕ್ಷನರಿಯಲ್ಲಿ ಬೇಗ ಹುಡುಕಲು ಬಳಸುವ ಸಂಖ್ಯೆ) ಕೇಳಿದರೆ ಇನ್ನೊಂದು, ಹೀಗೆ ಒಂದೊಂದು ಕೆಲಸಕ್ಕೂ ಒಂದೊಂದು ಗೂಡು. ಇವಕ್ಕೆ ಸ್ಲಾಟ್ ಎನ್ನುತ್ತಾರೆ. ಲೆನ್ ಮಾಡುವುದು ಇಷ್ಟೇ: ಆಬ್ಜೆಕ್ಟಿನ ಟೈಪಿಗೆ ಹೋಗು, ಉದ್ದದ ಗೂಡಿನಲ್ಲಿರುವ ಫಂಕ್ಷನ್ನು ಓಡಿಸು. ಇನ್‌ಸ್ಟೆನ್ಸ್ ಎಂಬ ಟೈಪು ಎಲ್ಲ ಕ್ಲಾಸುಗಳಿಗೂ ಒಂದೇ ಆದ್ದರಿಂದ ಅದರ ಗೂಡುಗಳಲ್ಲಿ ನಿಜವಾದ ಉತ್ತರ ಇಡುವಂತಿರಲಿಲ್ಲ. ‘ಈ ಆಬ್ಜೆಕ್ಟಿನ ಮೇಲೆ __ಲೆನ್__ ಎಂಬ ಅಟ್ರಿಬ್ಯೂಟ್ ಇದೆಯೇ ಹುಡುಕು, ಸಿಕ್ಕರೆ ಕರೆ’ ಎಂಬ ಸಾಮಾನ್ಯ ಫಂಕ್ಷನ್ ಮಾತ್ರ ಇಡಬಹುದಿತ್ತು. ಸ್ಪೆಷಲ್ ಮೆಥಡ್ಡಿನ ಹುಡುಕಾಟ ಸಾಮಾನ್ಯ ಅಟ್ರಿಬ್ಯೂಟಿನ ಹುಡುಕಾಟವೇ ಆಗಿಹೋದದ್ದು ಹೀಗೆ.

ಇದನ್ನು ಕಣ್ಣಾರೆ ನೋಡಬಹುದು. ಹಳೆ ಶೈಲಿಯ ಒಂದು ಕ್ಲಾಸಿನಲ್ಲಿ __ಗೆಟ್‌ಆ್ಯಟರ್__ ಬರೆದು, ಕೇಳಿದ ಹೆಸರನ್ನು ಪ್ರಿಂಟ್ ಮಾಡಿ ಅಟ್ರಿಬ್ಯೂಟ್‌ಎರರ್ ಎಸೆಯಿರಿ. ಆಮೇಲೆ ಆ ಆಬ್ಜೆಕ್ಟಿಗೆ 1 ಕೂಡಿಸಿ. ಪರದೆಯ ಮೇಲೆ ಮೊದಲು __ಕೋಯರ್ಸ್__ (ಎರಡನ್ನೂ ಒಂದೇ ಬಗೆಗೆ ತರುವ ಮೆಥಡ್ಡು), ಅದರ ಹಿಂದೆಯೇ __ಆ್ಯಡ್__ ಬರುತ್ತದೆ. ‘ಇಫ್’ನಲ್ಲಿ ಇಡಿ: __ನಾನ್‌ಝೀರೋ__, ಆಮೇಲೆ __ಲೆನ್__. ಇಂಟರ್‌ಪ್ರಿಟರ್ ಒಂದೊಂದೇ ಬಾಗಿಲು ತಟ್ಟುವ ಸದ್ದು ಅಷ್ಟು ಸ್ಪಷ್ಟವಾಗಿ ಕೇಳಿಸುತ್ತದೆ. ಪೈಥಾನ್ ಕಲಿಯುವ ಹುಡುಗರಿಗೆ ನಾನು ಇವತ್ತಿಗೂ ಈ ಪ್ರಯೋಗ ಮಾಡಿಸುತ್ತೇನೆ, ಅದಕ್ಕಾಗಿಯೇ ಒಂದು 2.7 ಇಟ್ಟುಕೊಂಡಿದ್ದೇನೆ. ಹೊಸ ಶೈಲಿಯ ಕ್ಲಾಸಿನಲ್ಲಿ ಅದೇ ಪ್ರಯೋಗ ಮಾಡಿದರೆ ಇವುಗಳಲ್ಲಿ ಒಂದು ಹೆಸರೂ ಬರುವುದಿಲ್ಲ.

ಹಳೆಯ ನಿಯಮಕ್ಕೂ ಅಪವಾದ ಇತ್ತು, ಹೇಳಿಬಿಡುತ್ತೇನೆ. __ಗೆಟ್‌ಆ್ಯಟರ್__, __ಸೆಟ್‌ಆ್ಯಟರ್__, __ಡೆಲ್‌ಆ್ಯಟರ್__ ಈ ಮೂರನ್ನು ಹಳೆ ಕ್ಲಾಸುಗಳೂ ತಮ್ಮಲ್ಲೇ ಪ್ರತ್ಯೇಕವಾಗಿ ಜೋಪಾನ ಮಾಡಿಟ್ಟುಕೊಳ್ಳುತ್ತಿದ್ದವು. ಹುಡುಕುವ ವಿಧಾನವನ್ನೇ ಹೇಳುವ ಮೆಥಡ್ಡನ್ನು ಅದೇ ವಿಧಾನದಿಂದ ಹುಡುಕಲು ಹೊರಟರೆ ಮುಗಿಯುವುದುಂಟೇ?

ಎರಡು ಲೋಕಗಳನ್ನು ಒಂದು ಮಾಡುವ ಕೆಲಸ 2001ರ ಡಿಸೆಂಬರಿನಲ್ಲಿ ಬಂದ ಪೈಥಾನ್ 2.2ರಲ್ಲಿ ಶುರುವಾಯಿತು. ಗೀಡೋ ಅವರೇ ಬರೆದ ಪೆಪ್ (ಪೈಥಾನಿನ ಬದಲಾವಣೆಗಳ ಪ್ರಸ್ತಾವ ಪತ್ರ) 252 ಮತ್ತು 253 ಅದರ ನಕ್ಷೆ. ‘ಆಬ್ಜೆಕ್ಟ್’ನಿಂದ ಇಳಿದು ಬಂದ ಪ್ರತಿ ಕ್ಲಾಸೂ ಈಗ ತಾನೇ ಒಂದು ಟೈಪು, ಅದಕ್ಕೂ ಸ್ವಂತ ಗೂಡುಗಳ ಕೋಷ್ಟಕ. ಕ್ಲಾಸು ಹುಟ್ಟುವಾಗಲೇ __ಲೆನ್__ ಬರೆದಿದ್ದರೆ ಉದ್ದದ ಗೂಡು ತುಂಬುತ್ತದೆ, ಬರೆದಿಲ್ಲದಿದ್ದರೆ ಖಾಲಿ ಉಳಿಯುತ್ತದೆ. ಲೆನ್ ಬಂದು ನೋಡುವುದು ಗೂಡನ್ನು ಮಾತ್ರ. ಖಾಲಿಯೇ, ಅಲ್ಲಿಂದಲೇ ಟೈಪ್‌ಎರರ್. ಆಬ್ಜೆಕ್ಟಿನ ಜೇಬಿನಲ್ಲಿ ಏನಿದೆ ಎಂಬ ಪ್ರಶ್ನೆ ಏಳುವುದೇ ಇಲ್ಲ. ಅನಗತ್ಯ ಹುಡುಕಾಟ ತಪ್ಪಿದ್ದರಿಂದ ವೇಗವೂ ಸಿಕ್ಕಿತು.

ಆದರೆ ವೇಗವೇ ಕಾರಣ ಎಂದು ಹಲವರು ಹೇಳುವುದನ್ನು ನಾನು ಒಪ್ಪುವುದಿಲ್ಲ. ವೇಗ ಬೇಡವೆಂದರೂ ಈ ಬದಲಾವಣೆ ಆಗಲೇಬೇಕಿತ್ತು. ಯಾಕೆಂದರೆ ಹೊಸ ಲೋಕದಲ್ಲಿ ಕ್ಲಾಸೂ ಒಂದು ಆಬ್ಜೆಕ್ಟು, ಅದಕ್ಕೂ ಒಂದು ಟೈಪು ಇದೆ. ಹ್ಯಾಶ್(7) ಎಂದರೆ ಏಳು ಎಂಬ ಸಂಖ್ಯೆಯ ಹ್ಯಾಶ್. ಹ್ಯಾಶ್(ಇಂಟ್) ಎಂದರೆ ಇಂಟ್ ಎಂಬ ಟೈಪಿನದೇ ಹ್ಯಾಶ್. ಟೈಪುಗಳನ್ನು ಡಿಕ್ಷನರಿಯ ಕೀಲಿಯಾಗಿ ಬಳಸುವುದು ದಿನನಿತ್ಯದ ಮಾತು, ಆದ್ದರಿಂದ ಇದು ನಡೆಯಲೇಬೇಕು. ಹಳೆಯ ನಿಯಮವನ್ನು ಇಲ್ಲಿ ಹಚ್ಚಿ ನೋಡಿ. ಮೊದಲು ಇಂಟ್ ಆಬ್ಜೆಕ್ಟಿನ ಬಳಿಯೇ __ಹ್ಯಾಶ್__ ಇದೆಯೇ ನೋಡು. ಇದೆ! ಆದರೆ ಅದು ಇಂಟ್ ತನ್ನ ಮಕ್ಕಳಾದ ಸಂಖ್ಯೆಗಳಿಗಾಗಿ ಬರೆದಿಟ್ಟ ಮೆಥಡ್ಡು, ತನಗಾಗಿ ಅಲ್ಲ. ಅದನ್ನು ಕರೆದರೆ ‘ಯಾವ ಸಂಖ್ಯೆ ಎಂದು ಕೊಡಲಿಲ್ಲ’ ಎಂಬ ಟೈಪ್‌ಎರರ್. ಇಂಟ್.__ಹ್ಯಾಶ್__() ಎಂದು ಬರೆದು ಇವತ್ತಿಗೂ ಆ ಎರರನ್ನು ಕಾಣಬಹುದು. ಇಂಟಿನ ಹ್ಯಾಶ್ ಬೇಕಾದರೆ ಇಂಟಿನ ಟೈಪಾದ ‘ಟೈಪ್’ ಬಳಿ ಹೋಗಬೇಕು. ಒಂದು ಮೆಟ್ಟಿಲು ಮೇಲೆ ಹೋಗಿಯೇ ಹುಡುಕು ಎಂಬ ನಿಯಮ ಇಲ್ಲದಿದ್ದರೆ, ತನ್ನ ಬಗ್ಗೆ ಕೇಳಿದ ಪ್ರಶ್ನೆಗೂ ಮಕ್ಕಳ ಬಗ್ಗೆ ಕೇಳಿದ ಪ್ರಶ್ನೆಗೂ ವ್ಯತ್ಯಾಸ ಉಳಿಯುವುದಿಲ್ಲ. ಹಳೆಯ ಲೋಕದಲ್ಲಿ ಕ್ಲಾಸುಗಳು ‘ಇನ್‌ಸ್ಟೆನ್ಸ್’ಗಳಾಗಿರಲಿಲ್ಲವಾದ್ದರಿಂದ ಈ ಗೊಂದಲ ತಲೆ ಎತ್ತಿರಲಿಲ್ಲ.

ಹೊಸ ನಿಯಮ ಎಷ್ಟು ಬಿಗಿಯೆಂದರೆ, ಎಲ್ಲ ಅಟ್ರಿಬ್ಯೂಟ್ ಹುಡುಕಾಟವನ್ನೂ ಅಡ್ಡಗಟ್ಟುವ __ಗೆಟ್‌ಆ್ಯಟ್ರಿಬ್ಯೂಟ್__ ಬರೆದರೂ ಲೆನ್ ಅದರ ಕಣ್ಣಿಗೆ ಬೀಳದೆ ಪಕ್ಕದಿಂದ ದಾಟಿಹೋಗುತ್ತದೆ. ತಾಯಿ ಕ್ಲಾಸಿನ ಮೆಥಡ್ಡನ್ನು ತಲುಪಿಸುವ ಸೂಪರ್()ಗೆ ಚೌಕ ಆವರಣ ಹಚ್ಚಿದರೆ ಕೆಲಸ ಮಾಡದಿರುವುದಕ್ಕೂ ಇದೇ ಕಾರಣ. ಅಲ್ಲಿ __ಗೆಟ್‌ಐಟಂ__ ಎಂದು ಹೆಸರು ಹಿಡಿದೇ ಕರೆಯಬೇಕು. ಈ ಬಿಗಿ ಎಲ್ಲ ಕಡೆ ಒಂದೇ ದಿನ ಬಂದದ್ದೂ ಅಲ್ಲ. ‘ವಿತ್’ ಹೇಳಿಕೆಯ __ಎಂಟರ್__, __ಎಕ್ಸಿಟ್__ ಮೆಥಡ್‌ಗಳನ್ನು ಹೊಸ ಶೈಲಿಯ ಆಬ್ಜೆಕ್ಟಿನ ಮೇಲೆ ನೇರವಾಗಿ ಅಂಟಿಸಿದರೆ 2.6ರಲ್ಲಿ ನಡೆಯುತ್ತಿತ್ತು, 2010ರಲ್ಲಿ ಬಂದ 2.7ರಲ್ಲಿ ನಿಂತುಹೋಯಿತು.

ಇನ್ನು ನನ್ನ ಬಾಕಿ ಪತ್ರಗಳಿಗೆ ಬರುತ್ತೇನೆ. ಆ ಪ್ರೋಗ್ರಾಮಿನಲ್ಲಿ ‘ಬಾಕಿ’ ಎಂಬುದು ಪಟ್ಟಿಯಾಗಿರಲಿಲ್ಲ, ಪಟ್ಟಿಯ ಪರವಾಗಿ ನಿಲ್ಲುವ ಪ್ರಾಕ್ಸಿಯಾಗಿತ್ತು. ಡೇಟಾಬೇಸಿನಿಂದ ಬೇಕಾದಾಗ ಮಾತ್ರ ಸಾಲುಗಳನ್ನು ತರಲು ಯಾರೋ ಹಿಂದೆ ಹೀಗೆ ಬರೆದಿದ್ದರು:

    ಕ್ಲಾಸ್ ಪ್ರಾಕ್ಸಿ:
        ಡೆಫ್ __ಗೆಟ್‌ಆ್ಯಟರ್__(ಸೆಲ್ಫ್, ಹೆಸರು):
            ರಿಟರ್ನ್ ಗೆಟ್‌ಆ್ಯಟರ್(ಸೆಲ್ಫ್.ತಾ(), ಹೆಸರು)

‘ತಾ’ ಎಂಬ ಮೆಥಡ್ಡು ನಿಜವಾದ ಪಟ್ಟಿಯನ್ನು ತಂದು ಕೊಡುತ್ತದೆ. ಕಾಲಕ್ಕೆ ತಕ್ಕ ಜಾಣ ಕೋಡು, ಬರೆದವರ ಮೇಲೆ ನನಗೆ ಗೌರವವಿದೆ. ಹಳೆ ಶೈಲಿಯಲ್ಲಿ ಈ ಮೂರು ಸಾಲು ಸಾಕಾಗಿತ್ತು. ‘ಇಫ್ ಬಾಕಿ’ ಎಂದಾಗ ಇಂಟರ್‌ಪ್ರಿಟರ್ __ನಾನ್‌ಝೀರೋ__ ಕೇಳುತ್ತಿತ್ತು, ಪ್ರಾಕ್ಸಿ ಅದನ್ನು ಪಟ್ಟಿಗೆ ದಾಟಿಸುತ್ತಿತ್ತು, ಪಟ್ಟಿಯಲ್ಲಿ ಅದಿಲ್ಲ. ಆಮೇಲೆ __ಲೆನ್__ ಕೇಳುತ್ತಿತ್ತು, ಪಟ್ಟಿ ಸೊನ್ನೆ ಎನ್ನುತ್ತಿತ್ತು, ಸೊನ್ನೆ ಎಂದರೆ ಸುಳ್ಳು, ಪತ್ರ ಹೋಗುತ್ತಿರಲಿಲ್ಲ. ಪೈಥಾನ್ 3ರಲ್ಲಿ ಹಳೆ ಶೈಲಿಯೇ ಇಲ್ಲ. ‘ಕ್ಲಾಸ್ ಪ್ರಾಕ್ಸಿ:’ ಎಂದು ಅದೇ ಅಕ್ಷರಗಳಲ್ಲಿ ಬರೆದರೂ ಅದು ಹೊಸ ಶೈಲಿಯ ಕ್ಲಾಸು. ಪ್ರಾಕ್ಸಿಯ ಕೋಷ್ಟಕದಲ್ಲಿ __ಬೂಲ್__ ಗೂಡು ಖಾಲಿ, __ಲೆನ್__ ಗೂಡು ಖಾಲಿ. ಎರಡೂ ಇಲ್ಲದಿದ್ದರೆ? ನಿಜ. ಪಟ್ಟಿಯನ್ನು ಯಾರೂ ಕೇಳಲೇ ಇಲ್ಲ, ಡೇಟಾಬೇಸಿಗೆ ಪ್ರಶ್ನೆಯೂ ಹೋಗಿರಲಿಲ್ಲ.

ಲೆನ್(ಬಾಕಿ) ಎಂದು ಬರೆದಿದ್ದರೆ ಟೈಪ್‌ಎರರ್ ಬಂದು ಮೊದಲ ದಿನವೇ ಸಿಕ್ಕಿಬೀಳುತ್ತಿತ್ತು. ಗದ್ದಲ ಮಾಡುವ ತಪ್ಪಿಗೆ ನಾನು ಹೆದರುವುದಿಲ್ಲ. ಹೆದರಬೇಕಾದದ್ದು ಎಲ್ಲ ಆಬ್ಜೆಕ್ಟುಗಳಿಗೂ ತಾನಾಗಿ ಬರುವ ಉತ್ತರ ಇರುವ ಕಡೆ: ನಿಜ-ಸುಳ್ಳು, ಸಮಾನತೆ, ಹ್ಯಾಶ್, ರೆಪರ್ (ಆಬ್ಜೆಕ್ಟನ್ನು ಅಕ್ಷರಗಳಲ್ಲಿ ತೋರಿಸುವುದು). ಬಾಕಿ == [] ಎಂಬುದು ಮೊದಲು ಪಟ್ಟಿಯೊಂದಿಗೆ ಪಟ್ಟಿಯನ್ನು ಹೋಲಿಸುತ್ತಿತ್ತು, ಈಗ ಸದ್ದಿಲ್ಲದೆ ಸುಳ್ಳು ಎನ್ನುತ್ತದೆ. ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಪೈಥಾನ್ 3ರ ‘ಆಬ್ಜೆಕ್ಟ್’ನಲ್ಲೇ __ಇಕ್ಯೂ__, __ಹ್ಯಾಶ್__, __ರೆಪರ್__ ಇರುವುದರಿಂದ ಬಾಕಿ.__ರೆಪರ್__() ಎಂದು ಹೆಸರು ಹಿಡಿದು ಕರೆದರೂ ಅದು ಪಟ್ಟಿಯನ್ನು ಮುಟ್ಟುವುದಿಲ್ಲ. __ಗೆಟ್‌ಆ್ಯಟರ್__ ಬರುವುದು ಬೇರೆಲ್ಲೂ ಸಿಗದಾಗ ಮಾತ್ರ; ಇವು ಅಜ್ಜನ ಮನೆಯಲ್ಲೇ ಸಿಕ್ಕಿಬಿಡುತ್ತವೆ. ನಮ್ಮ ಟೆಸ್ಟುಗಳು ಹಸಿರಾಗಿದ್ದದ್ದು ಯಾಕೆಂದರೆ ಅವು ಪ್ರಾಕ್ಸಿಯ ಜಾಗದಲ್ಲಿ ನಿಜವಾದ ಪಟ್ಟಿಯನ್ನೇ ಕೊಡುತ್ತಿದ್ದವು.

ಪೈಥಾನ್ 3ಕ್ಕೆ ಕೋಡನ್ನು ತಿದ್ದಿಕೊಡುವ ಟೂಟುತ್ರೀ ಉಪಕರಣ __ನಾನ್‌ಝೀರೋ__ ಎಂದು ಬರೆದಿದ್ದ ಕಡೆ __ಬೂಲ್__ ಎಂದು ಹೆಸರು ಬದಲಿಸುತ್ತದೆ. ಆದರೆ ಬರೆಯದೇ ಇದ್ದ ಮೆಥಡ್ಡನ್ನು ಅದು ಹೇಗೆ ತಿದ್ದೀತು?

ಪರಿಹಾರ ಕಷ್ಟದ್ದಲ್ಲ, ಕ್ಲಾಸಿನ ಮೇಲೆ ಬರೆಯಬೇಕು ಅಷ್ಟೆ. __ಲೆನ್__, __ಬೂಲ್__, __ಐಟರ್__, __ಗೆಟ್‌ಐಟಂ__, __ಇಕ್ಯೂ__, __ರೆಪರ್__ ಒಂದೊಂದನ್ನೂ ಡೆಫ್ ಹಾಕಿ ಪ್ರಾಕ್ಸಿಯಲ್ಲೇ ಬರೆದು, ಒಳಗೆ ಲೆನ್(ಸೆಲ್ಫ್.ತಾ()) ಎಂಬಂತೆ ದಾಟಿಸಿದೆ. ಲೂಪ್ ಹಾಕಿ ಸೆಟ್‌ಆ್ಯಟರ್‌ನಿಂದ ಕ್ಲಾಸಿಗೆ ಅಂಟಿಸುವುದೂ ಉಂಟು, ಆದರೆ ಲೂಪಿನ ಚರವನ್ನು ಒಳಗಿನ ಫಂಕ್ಷನ್ ನೇರವಾಗಿ ಬಳಸಿದರೆ ಎಲ್ಲವೂ ಕೊನೆಯ ಹೆಸರನ್ನೇ ಹಿಡಿದುಕೊಳ್ಳುತ್ತವೆ. ಹತ್ತು ಮೆಥಡ್ಡಿಗೆ ಕೈಯಲ್ಲಿ ಬರೆಯುವುದೇ ಮೇಲು, ಓದುವವರಿಗೂ ಕಾಣುತ್ತದೆ. ಕ್ಲಾಸು ಹುಟ್ಟಿದ ಮೇಲೂ ಚೀಲ.__ಲೆನ್__ = ಲ್ಯಾಂಬ್ಡಾ ಸೆಲ್ಫ್: 40 ಎಂದು ಕ್ಲಾಸಿಗೆ ಅಂಟಿಸಿದರೆ ಗೂಡು ಆ ಕ್ಷಣವೇ ತುಂಬುತ್ತದೆ, ಅದರ ಕೆಳಗಿನ ಕ್ಲಾಸುಗಳಿಗೂ ಸುದ್ದಿ ಮುಟ್ಟುತ್ತದೆ. ಈ ಸಲ ಸೆಲ್ಫ್ ಬೇಕು.

ಒಂದೇ ಒಂದು ಆಬ್ಜೆಕ್ಟಿಗೆ ಬೇರೆ ನಡವಳಿಕೆ ಬೇಕೇ ಬೇಕೆಂದರೆ? ಅದಕ್ಕೆ ಅದರದೇ ಒಂದು ಕ್ಲಾಸು ಕಟ್ಟಿಕೊಡಿ. ಟೆಸ್ಟಿಗೆ ನಕಲಿ ಆಬ್ಜೆಕ್ಟುಗಳನ್ನು ಮಾಡಿಕೊಡಲು ಪೈಥಾನಿನ ಜೊತೆಗೇ ಬರುವ ಯೂನಿಟ್‌ಟೆಸ್ಟ್ ಮಾಕ್ ಮಾಡುವುದು ಇದನ್ನೇ. ಪ್ರತಿ ಮಾಕ್ ಆಬ್ಜೆಕ್ಟ್ ಹುಟ್ಟುವಾಗಲೂ ಅದಕ್ಕೆಂದೇ ಹೊಸ ಕ್ಲಾಸೊಂದು ಹುಟ್ಟುತ್ತದೆ. ಹಾಗಾಗಿ ಒಂದು ಮಾಕ್‌ಗೆ __ಲೆನ್__ ಕೊಟ್ಟರೆ ಪಕ್ಕದ ಮಾಕ್‌ಗೆ ತಗಲುವುದಿಲ್ಲ. ಟೈಪ್(ಮಾಕ್1) ಈಸ್ ಟೈಪ್(ಮಾಕ್2) ಎಂದು ಕೇಳಿ ನೋಡಿ, ಸುಳ್ಳು ಎನ್ನುತ್ತದೆ.

ಇನ್ನೂ 2.7ರಲ್ಲೇ ಕೂತ ಕೋಡು ನಿಮ್ಮ ಬಳಿ ಇದ್ದರೆ, 3ಕ್ಕೆ ಹೋಗುವ ಮೊದಲು 2.7ರಲ್ಲೇ ಒಂದು ಕೆಲಸ ಮಾಡಿ. ಒಂದು ಫೈಲಿನ ತಲೆಯ ಮೇಲೆ __ಮೆಟಾಕ್ಲಾಸ್__ = ಟೈಪ್ ಎಂದು ಬರೆಯಿರಿ. ಆ ಫೈಲಿನಲ್ಲಿ ತಾಯಿ ಕ್ಲಾಸು ಇಲ್ಲದೆ ಬರೆದ ಕ್ಲಾಸುಗಳೆಲ್ಲ ಹೊಸ ಶೈಲಿಗೆ ತಿರುಗುತ್ತವೆ; ಬೇರೆ ಫೈಲಿನ ಹಳೆ ಕ್ಲಾಸಿನಿಂದ ಇಳಿದವು ಮಾತ್ರ ಹಳತಾಗೇ ಉಳಿಯುತ್ತವೆ, ಅವುಗಳ ತಾಯಿಯನ್ನು ಮೊದಲು ತಿರುಗಿಸಬೇಕು. ಆಮೇಲೆ ನಿಜವಾದ ಪ್ರಾಕ್ಸಿಗಳನ್ನೇ ಕೊಟ್ಟು ಟೆಸ್ಟ್ ಓಡಿಸಿ, ಮುಂದಿನ ಫೈಲಿಗೆ ಹೋಗಿ. ಯೂನಿಕೋಡ್, ಭಾಗಾಕಾರ, ಪ್ರಿಂಟ್ ಯಾವುದೂ ಇನ್ನೂ ಬದಲಾಗಿಲ್ಲವಾದ್ದರಿಂದ ಮುರಿದದ್ದು ಕ್ಲಾಸಿನ ಶೈಲಿ ಬದಲಾದದ್ದಕ್ಕೇ ಎಂದು ಖಚಿತವಾಗಿ ಗೊತ್ತಾಗುತ್ತದೆ. ನಾನು ಹಿಂದಿರುಗಿ ಹೋಗಿ ಹಾಗೆ ಮಾಡಿದಾಗ ಬಾಕಿಯ ಪ್ರಾಕ್ಸಿ ಮೂರನೆಯ ಫೈಲಿನಲ್ಲೇ ಸಿಕ್ಕಿತು. ಅದರ ಜೊತೆಗೆ, ಯಾರ ಕಣ್ಣಿಗೂ ಬೀಳದೆ ರಸೀದಿಗಳನ್ನು ತಪ್ಪಾಗಿ ಹೋಲಿಸುತ್ತಿದ್ದ ಇನ್ನೊಂದು ಪ್ರಾಕ್ಸಿಯೂ ಸಿಕ್ಕಿತು.